ಅಮ್ಮನ ಬಿಸಿ ಮೂಲೆಯಲ್ಲಿ ಬಾಟಲಿ ಹಾಲು

ತೇಜಾನ್ ಊರಿನ ನಮ್ಮ ಆ ಮನೆ ಈಗಿಲ್ಲ. ಅದಿದ್ದ ಜಾಗದ ಮೇಲೆ ಅಗಲವಾದ ರಸ್ತೆ ಹೋಗಿದೆ. ಬಸ್ಸಿನಲ್ಲಿ ಅಲ್ಲಿ ಹಾಯುವಾಗೆಲ್ಲ ನನ್ನ ಅಂಗಾಲಿಗೆ ನಮ್ಮಮ್ಮನ ಕೋಣೆಯ ನೆಲ ನೆನಪಾಗುತ್ತದೆ. ಎಣ್ಣೆ ಕಾಗದ ಅಂಟಿಸಿದ ಹಳದಿ ನೆಲ. ಅಡುಗೆಮನೆಯ ಒಲೆಯ ಶಾಖ ಅದರ ಅಡಿಯಲ್ಲೇ ಹಾದುಹೋಗುತ್ತಿತ್ತು. ಒಲೆಯ ಕಡೆಯ ಮೂಲೆಯಂತೂ ಎಷ್ಟು ಕಾಯುತ್ತಿತ್ತೆಂದರೆ ಅಲ್ಲಿ ಕಾಗದವೇ ಕಂದಿ ಕಪ್ಪಾಗಿತ್ತು. ಮನೆಗೆ ಯಾರು ಹಿರಿಯರೋ ಆ ಮೂಲೆ ಅವರದು. ಅಪ್ಪ ಹೋದ ಮೇಲೆ ಅಮ್ಮನದಾಗಿತ್ತು. ಮಂಡಿನೋವಿನ ನಮ್ಮಮ್ಮ ಮೊದಲ ಬಾರಿ ಅದನ್ನು ಬಿಟ್ಟುಕೊಟ್ಟದ್ದು ನನ್ನಣ್ಣ ಟೇಗ್ಯೂನ ಮಗಳಿಗೆ, ಆಗತಾನೆ ಹುಟ್ಟಿದ ಕೂಸಿಗೆ.

ಕೂಸು ಹುಟ್ಟಿದ ದಿನವೇ ಬಾಗಿಲ ಮೇಲೆ ಹುಲ್ಲಿನ ಹಗ್ಗ ಕಟ್ಟಾಯಿತು. ಇದ್ದಿಲ ತುಂಡು, ಪೈನ್ ಸೊಪ್ಪು ಸಿಕ್ಕಿಸಿದ ಹಗ್ಗ. ಹೆಣ್ಣು ಕೂಸಿದೆ, ಹೊರಗಿನವರು ಹೊರಗೇ ಇರಿ ಎಂದರ್ಥ. ಮೂರು ವಾರ ಅದು ಬಾಗಿಲಲ್ಲೇ ಇರಬೇಕು. ಆ ಮೂರು ವಾರ ನಮ್ಮ ಮನೆಯಲ್ಲಿ ಅಮ್ಮನದೇ ಕಾರುಬಾರು. ಅತ್ತಿಗೆ ಬೊನ್‌ಹೀ ತಣ್ಣೀರು ಮುಟ್ಟುವಂತಿಲ್ಲ, ಬಟ್ಟೆ ಹಿಂಡುವಂತಿಲ್ಲ, ಭಾರ ಎತ್ತುವಂತಿಲ್ಲ. ಹಸಿ ಬಾಣಂತಿ ಮಣಿಕಟ್ಟಿಗೆ ಕೆಲಸ ಕೊಟ್ಟರೆ ಸಾಯುವವರೆಗೆ ನೋವು ಬಿಡುವುದಿಲ್ಲ ಎಂಬುದು ಅಮ್ಮನ ಮಾತು. ಕಡಲಪಾಚಿಯ ಸಾರು ಕುಡಿಯುವುದು, ಬೆವರುವುದು, ಮಲಗುವುದು, ಇಷ್ಟೇ ಅವಳ ಪಾಲಿನ ಕೆಲಸ.

ವಾರ ಕಳೆಯುವುದರೊಳಗೆ ಅತ್ತಿಗೆಯ ಎದೆಗೆ ಬಾವು ಬಂತು. ಡಾಕ್ಟರು ಕೊಯ್ದು ಕೀವು ತೆಗೆದರು. ಹಾಲು ಬತ್ತಿತು. ಅಣ್ಣ ಹಾಲಿನ ಪುಡಿಯ ಡಬ್ಬ, ಗಾಜಿನ ಬಾಟಲಿ ತಂದ. ಬಾಟಲಿಯ ರಬ್ಬರಿಗೆ ತೂತೇ ಇರಲಿಲ್ಲ. ಅಮ್ಮ ಸೂಜಿ ಕಾಯಿಸಿ ಚುಚ್ಚಿದಳು. ಅತ್ತಿಗೆ ಕೈ ಚಾಚಿದರೆ, "ಮಣಿಕಟ್ಟು!" ಎಂದು ಗದರಿ ಬಾಟಲಿಯನ್ನು ತಾನೇ ಹಿಡಿದಳು. ಬಾವಿನಿಂದ ಅತ್ತಿಗೆಯ ಹಾಲು ಹೋಗಿತ್ತು, ಅಮ್ಮನಿಂದ ಕೂಸೂ ಅವಳ ಕೈತಪ್ಪಿತು.

ಕೂಸೋ, ಮಹಾ ನಿಧಾನಿ. ಎರಡು ಗುಟುಕು ಚೀಪುವುದು, ಕಣ್ಣು ಮುಚ್ಚುವುದು. ಕೆನ್ನೆ ತಟ್ಟಿದರೆ ಇನ್ನೊಂದು ಗುಟುಕು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು ರಬ್ಬರನ್ನು ನಾಲಗೆಯಿಂದ ತಳ್ಳಿ ಕಿರ್ರೋ ಎಂದು ಅಳು. ಅಷ್ಟರಲ್ಲಿ ಹಾಲು ತಣ್ಣಗಾಗಿರುತ್ತಿತ್ತು. ನಾನು ಬಿಸಿನೀರಿನ ಬಟ್ಟಲಲ್ಲಿ ಬಾಟಲಿ ಇಟ್ಟು ಬೆಚ್ಚಗೆ ಮಾಡಿ ತರುವಷ್ಟರಲ್ಲಿ ಅದು ಮತ್ತೆ ನಿದ್ದೆ. ಅಮ್ಮ ಅದಕ್ಕೆ ಬಸವನಹುಳು ಎಂದು ಹೆಸರಿಟ್ಟಳು.

"ನಿಮ್ಮಪ್ಪನೂ ಹೀಗೇ ಕಣೇ. ಒಂದು ಬಟ್ಟಲು ಅನ್ನಕ್ಕೆ ಒಂದು ಹೊತ್ತು ಬೇಕು ಅವನಿಗೆ," ಎಂದು ಕೂಸಿಗೆ ಹೇಳಿದಳು.

"ಅಮ್ಮಾ, ನಾನು ಇಲ್ಲೇ ಇದೀನಿ," ಎಂದು ಅಣ್ಣ ಅಡುಗೆಮನೆಯಿಂದ ಕೂಗಿದ.

"ಇದ್ರೆ ಒಲೆ ನೋಡು. ಕೂಸಿಗೆ ಚಳಿ ಆಗ್ತಿದೆ, ಅದಕ್ಕೇ ಕುಡೀತಿಲ್ಲ."

ಕೂಸು ಅತ್ತಷ್ಟೂ ಅಮ್ಮ ಒಲೆಯ ಗಾಳಿಕಿಂಡಿ ಅಗಲ ಮಾಡಿಸುತ್ತಿದ್ದಳು. ಕಲ್ಲಿದ್ದಲ ಬಿಲ್ಲೆಗಳು ಧಗಧಗ ಉರಿಯುತ್ತಿದ್ದವು. ಅತ್ತರೆ ಒಂದು ಹತ್ತಿಯ ದುಪ್ಪಟಿ, ಮತ್ತೂ ಅತ್ತರೆ ಅದರ ಮೇಲೆ ಇನ್ನೊಂದು. ಕೊನೆಗೆ ದುಪ್ಪಟಿಗಳ ನಡುವೆ ಒಂದು ಮೂಗು ಮಾತ್ರ ಕಾಣುತ್ತಿತ್ತು. ನಾವ್ಯಾರೂ ಬಾಯಿ ಬಿಡಲಿಲ್ಲ. ಬಾಣಂತಿ ಕೋಣೆ ಬಿಸಿಯಾಗಿರಬೇಕು ಎನ್ನುವುದು ನಮಗೆಲ್ಲ ಹಗಲು ರಾತ್ರಿಯಷ್ಟೇ ಸಹಜವಾದ ಸಂಗತಿ. ಆ ಕೋಣೆಗೆ ಹೋದರೆ ನನಗೇ ತೂಕಡಿಕೆ ಬರುತ್ತಿತ್ತು, ಆದರೂ ಕೂಸಿನ ನಿದ್ದೆಯ ಕಾರಣ ಹೊಳೆಯಲಿಲ್ಲ.

ಕೂಸಿನ ಕೈಕಾಲು ಕಡ್ಡಿಯಾದವು. ಒಂದು ಬೆಳಿಗ್ಗೆ ಅಮ್ಮ ಬಾಟಲಿ ಕೆಳಗಿಟ್ಟು, ಅತ್ತಿಗೆಯ ಮುಖ ನೋಡದೆ ಹೇಳಿದಳು:

"ಹಗ್ಗ ಇಳಿಸೋ ದಿನ ಗುನ್ಸಾನ್‌ನಿಂದ ನನ್ನ ತಂಗಿ ಬರ್ತಾಳೆ. ಅವಳ ಪಕ್ಕದ ಮನೇಲಿ ಹಾಲಿರೋ ಬಾಣಂತಿ ಇದಾಳಂತೆ. ಕೂಸು ಸ್ವಲ್ಪ ದಿನ ಅಲ್ಲಿರಲಿ. ಬದುಕಿದ್ರೆ ತಾನೇ ನಮ್ಮದು."

ಆ ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಸ್ವಲ್ಪ ದಿನ ಎಂದರೆ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದಳು. ನಾನು ಸಾರು ಕೊಡಲು ಹೋದಾಗ ನನ್ನ ತೋಳು ಹಿಡಿದುಕೊಂಡಳು.

"ಮಲ್‌ಸುನ್, ಒಂದು ಸಲಾನೂ ಅದಕ್ಕೆ ನನ್ನ ಕೈಯಾರೆ ಕುಡಿಸಿಲ್ಲ ಕಣೇ. ಹೋದ್ರೆ ಅದಕ್ಕೆ ನಾನು ಯಾರು ಅಂತ ಗೊತ್ತಾಗುತ್ತೆ?"

ಅಮ್ಮನ ಮೇಲೆ ಕೆಂಡದಂಥ ಸಿಟ್ಟು ಬಂತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ಹಗ್ಗ ಇಳಿಸುವ ದಿನ ಬೆಳಿಗ್ಗೆ ಅಮ್ಮನ ಅರಚಾಟಕ್ಕೆ ಓಣಿಯೇ ಎದ್ದಿತು. ರಾತ್ರಿ ಎದ್ದು ಒಲೆಯ ಬಿಲ್ಲೆ ಬದಲಿಸಬೇಕಾದ ಅಣ್ಣ ಗೊರಕೆ ಹೊಡೆದಿದ್ದ. ಒಲೆ ಆರಿ ಬೂದಿಯಾಗಿತ್ತು.

"ಬಾಣಂತಿ ಇರೋ ಮನೇಲಿ ಬೆಂಕಿ ಆರಿಸ್ತಾರೇನೋ, ಪಾಪಿ! ಹೋಗು, ಯಾರ ಕಾಲಾದ್ರೂ ಹಿಡಿದು ಉರಿಯೋ ಬಿಲ್ಲೆ ಒಂದು ತಗೊಂಡು ಬಾ!"

ಅಣ್ಣ ಇಕ್ಕಳ ಹಿಡಿದು ಓಡಿದ. ನೆಲ ಎಲ್ಲಾದರೂ ಬಿಸಿ ಉಳಿದಿದೆಯೇ ಎಂದು ನೋಡಲು ಅಮ್ಮ ಹಾಸಿಗೆಯನ್ನೆಲ್ಲ ಮಗುಚಿದಳು. ಕೂಸು ಒಂದೇ ಬಟ್ಟೆಯಲ್ಲಿ ಅವಳ ತೊಡೆಯ ಮೇಲಿತ್ತು. ಅಳಬಾರದೆಂದು ಅವಳು ಬಾಟಲಿ ಬಾಯಿಗಿಟ್ಟಳು. ಇಟ್ಟವಳು ಅಣ್ಣನನ್ನು ಬೈಯುತ್ತಲೇ ಇದ್ದಳು. ಆಮೇಲೆ ಬೈಗುಳ ನಿಂತಿತು.

ಕೂಸು ಕಣ್ಣು ಬಿಟ್ಟುಕೊಂಡಿತ್ತು. ಅಷ್ಟು ಹೊತ್ತು ತೆರೆದ ಅದರ ಕಣ್ಣನ್ನು ನಾವು ನೋಡಿದ್ದು ಅದೇ ಮೊದಲು. ಚೀಪಿತು, ನಿಲ್ಲಿಸಿತು, ಯೋಚಿಸಿತು, ಮತ್ತೆ ಚೀಪಿತು. ನಿಧಾನ ಅದೇ ನಿಧಾನ, ಆದರೆ ಅಳುವಿಲ್ಲ, ನಿದ್ದೆಯಿಲ್ಲ. ಅಮ್ಮ ಅದರ ಕತ್ತಿನ ಹಿಂದೆ ಬೆರಳಿಟ್ಟು ನೋಡಿದಳು. ದಿನಾ ಬೆವರಿನಿಂದ ಒದ್ದೆಯಾಗಿರುತ್ತಿದ್ದ ಕತ್ತು ಒಣಗಿತ್ತು.

ಅಣ್ಣ ಏದುಸಿರು ಬಿಡುತ್ತ ಬಂದ. "ಅಮ್ಮಾ, ಸಿಕ್ತು! ಒಳ್ಳೇ ಕೆಂಡ!"

"ಆಚೆ ಇಡು."

"ಏನಂದೆ?"

"ಆಚೆ ಇಡೋ ಅಂದೆ. ಕಿವೀಗೂ ನಿದ್ದೆ ಹತ್ತಿದೆಯಾ?"

ಬಾಟಲಿ ಖಾಲಿಯಾಯಿತು. ಅಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

ಮಧ್ಯಾಹ್ನದ ರೈಲಿಗೆ ಚಿಕ್ಕಮ್ಮ ಬಂದಳು. ಬೆನ್ನಿಗೆ ಕೂಸು ಕಟ್ಟಿಕೊಳ್ಳುವ ಹೊಸ ದುಪ್ಪಟಿ ತಾನೇ ಹೊಲಿದು ತಂದಿದ್ದಳು. ನೆಲದ ಮೇಲೆ ಕೂತವಳೇ ಎದ್ದು ನಿಂತಳು.

"ಅಯ್ಯೋ ಅಕ್ಕಾ, ಇದೇನು ಐಸಿನ ಥರ ಇದೆ ನೆಲ! ಇದು ಬಾಣಂತಿ ಕೋಣೇನಾ? ಕೊಡಿಲ್ಲಿ ಕೂಸನ್ನ, ನಮ್ಮ ಮನೇಲಿ ಬೆಚ್ಚಗಿದೆ."

ಅಮ್ಮ ಕೂಸನ್ನು ಎದೆಗೆ ಒತ್ತಿಕೊಂಡಳು. ತನ್ನದು ತಪ್ಪು ಎಂದು ಅವಳು ಹುಟ್ಟಿದಾಗಿನಿಂದ ಯಾರಿಗೂ ಹೇಳಿದವಳಲ್ಲ. ಆವತ್ತು ತಂಗಿಯ ಎದುರು, ಸೊಸೆಯ ಎದುರು ಹೇಳಿದಳು.

"ಕೂಸಲ್ಲಿ ಏನೂ ಐಬಿಲ್ಲ ಕಣೇ. ಇಷ್ಟು ದಿನ ನಾನೇ ಇದನ್ನ ಬೇಯಿಸ್ತಾ ಇದ್ದೆ."

ಚಿಕ್ಕಮ್ಮನ ಮುಖ ನೋಡಲು ನನ್ನಿಂದ ಆಗಲಿಲ್ಲ. ಅವಳು ಹೊಸ ದುಪ್ಪಟಿಯನ್ನು ಮಡಿಸಿ ಅತ್ತಿಗೆಯ ಹಾಸಿಗೆಯ ಪಕ್ಕ ಇಟ್ಟಳು.

"ಮತ್ತೆ ನೀನು? ಈ ಚಳೀಲಿ ನಿನ್ನ ಮಂಡಿ ಗತಿ?" ಎಂದು ಕೇಳಿದಳು.

"ಮಂಡಿಗೆ ವಯಸ್ಸಾಗಿದೆ, ಅದಕ್ಕೆ ಬುದ್ಧಿ ಹೇಳ್ತೀನಿ."

ಕೂಸು ಮುಲುಗಿತು. ನಾನು ಹಾಲು ಬೆರೆಸಿ ತಂದು ಎಂದಿನಂತೆ ಅಮ್ಮನ ಕೈಗೆ ಬಾಟಲಿ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ. ಕೂಸನ್ನೆತ್ತಿಕೊಂಡು ಮಂಡಿಯೂರಿಕೊಂಡೇ ಅತ್ತಿಗೆಯ ಹಾಸಿಗೆಯ ತನಕ ಸರಿದಳು.

"ಎದ್ದು ಕೂತ್ಕೊ ಮಗಳೇ. ಹಿಡಿ."

ಅತ್ತಿಗೆ ಗಾಬರಿಯಿಂದ ಕೈ ಹಿಂದಕ್ಕೆಳೆದುಕೊಂಡಳು. "ಅತ್ತೆ, ಮಣಿಕಟ್ಟು..."

"ನೋಯುತ್ತೆ. ಇದು ಕುಡಿಯೋ ಚೆಂದಕ್ಕೆ ನೋಯದೆ ಇರುತ್ತಾ? ಆಮೇಲೆ ನಾನು ತಿಕ್ಕಿಕೊಡ್ತೀನಿ, ಹಿಡಿ."

ಅತ್ತಿಗೆ ಮಗಳನ್ನು ತೋಳಿಗೆ ತೆಗೆದುಕೊಂಡಳು. ನನ್ನ ಕೈಯಿಂದ ಬಾಟಲಿ ತೆಗೆದುಕೊಂಡು ಅದರ ಬಾಯಿಗಿಟ್ಟಳು. ಕೂಸು ಅವಳ ಮುಖವನ್ನೇ ನೋಡುತ್ತ, ಯಾವ ಅವಸರವೂ ಇಲ್ಲದೆ ಚೀಪತೊಡಗಿತು.