ಬಾಗಿದ ಬ್ಯಾಟು

ಹೊಸ ಕ್ಯಾಮೆರಾ ಕೈಗೆ ಬಂದಾಗಿನಿಂದ ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಂಡಿ ಒತ್ತಿ ಹಿಡಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತಾರು ಫೋಟೋ, ಅದೂ ಚೂರೂ ಸದ್ದಿಲ್ಲದೆ! ಆಟದ ಫೋಟೋ ತೆಗೆದೇ ಹೊಟ್ಟೆ ಹೊರೆಯುವವಳಿಗೆ ಇನ್ನೇನು ಬೇಕು? ಅಣ್ಣನ ಮಗಳು ಸ್ಪಿನ್ ಹಾಕುವುದನ್ನು ರಾಶಿ ರಾಶಿ ತೆಗೆದಳು. ಚೆಂಡನ್ನು ಗಿರ್ರನೆ ತಿರುಗಿಸುವ ಆ ಹುಡುಗಿಗೆ ಮನೆಯಲ್ಲಿ ಬುಗುರಿ ಎಂದೇ ಹೆಸರು. ಹೆಮ್ಮೆ ತಡೆಯದೆ ಅತ್ತೆ ಆ ಫೋಟೋಗಳನ್ನು ಕೋಚ್‌ಗೂ ಕಳಿಸಿದಳು. ಅಲ್ಲಿಗೆ ಕೆಟ್ಟಿತು.

"ಇವಳ ಮೊಣಕೈ ನೋಡಿ, ಹೇಗೆ ಬಾಗಿದೆ! ಇದು ಬೌಲಿಂಗ್ ಅಲ್ಲ, ಕಲ್ಲೆಸೆದ ಹಾಗಿದೆ," ಎಂದರು ಕೋಚ್. "ಭಾನುವಾರದ ಫೈನಲ್‌ಗೆ ಇಳಿಸಕ್ಕಾಗಲ್ಲ. ಎದುರು ತಂಡದವರು ದೂರು ಕೊಟ್ರೆ ಎಲ್ರಿಗೂ ಕೆಟ್ಟ ಹೆಸರು."

ಬುಗುರಿ ಊಟ ಬಿಟ್ಟಳು. ಕನ್ನಡಿಯ ಮುಂದೆ ನಿಂತು ಮೊಣಕೈ ಮುಟ್ಟಿ ಮುಟ್ಟಿ ನೋಡಿಕೊಳ್ಳತೊಡಗಿದಳು. ಅದನ್ನು ಕಂಡ ಅತ್ತೆ ಹಣೆ ಚಚ್ಚಿಕೊಂಡಳು. ಕೈಯಾರೆ ಮಗುವಿನ ಬಾಯಿಗೆ ಮಣ್ಣು ಹಾಕಿದೆನಲ್ಲ!

ಕಂಪ್ಯೂಟರ್ ಮುಂದೆ ಕೂತು ಒಂದೊಂದೇ ಫೋಟೋ ಕೆದಕಿದಳು. ಎಲ್ಲದರಲ್ಲೂ ಕೈ ಡೊಂಕೇ. ಬ್ಯಾಟ್ ಬೀಸುತ್ತಿದ್ದ ಇನ್ನೊಬ್ಬ ಹುಡುಗಿಯ ಫೋಟೋ ಬಂದಾಗ ಮಾತ್ರ ಕುರ್ಚಿಯಿಂದ ಎದ್ದೇಬಿಟ್ಟಳು. ಅರೆ! ಬ್ಯಾಟೂ ಬಾಳೆಹಣ್ಣಿನ ಹಾಗೆ ಬಾಗಿದೆ! ಮರದ ಬ್ಯಾಟು ಎಲ್ಲಾದರೂ ಬಾಗುವುದುಂಟೇ? ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಹಿರಿಯರು ಸುಮ್ಮನೆ ಹೇಳಿದರೇ?

ಬಟ್ಟೆ ಒಣಹಾಕುವ ಕೋಲನ್ನು ಅಣ್ಣನ ಕೈಗಿಟ್ಟು "ಬೀಸು" ಎಂದಳು. "ತಲೆಗಿಲೆ ಕೆಟ್ಟಿದ್ಯೇನೇ ನಿಂಗೆ?" ಎನ್ನುತ್ತಲೇ ಅವನು ಬೀಸಿದ. ಸದ್ದಿಲ್ಲದ ಶಟರ್‌ನಲ್ಲಿ ಕೋಲು ಕುಡುಗೋಲಾಯಿತು. ಅದೇ ಕ್ಯಾಮೆರಾವನ್ನು ಹಳೇ ಥರದ ಖಟಖಟ ಶಟರ್‌ಗೆ ಬದಲಿಸಿದರೆ ನೆಟ್ಟಗೇ ಇತ್ತು! ಗುಟ್ಟು ಇಷ್ಟೇ: ವೇಗದ ಆಸೆಗೆ ಬಿದ್ದ ಕ್ಯಾಮೆರಾ ಚಿತ್ರವನ್ನು ಮೇಲಿನಿಂದ ಕೆಳಗೆ ಗೆರೆಗೆರೆಯಾಗಿ ಓದುತ್ತದೆ. ಅದು ಕೆಳಗಿಳಿಯುವಷ್ಟರಲ್ಲಿ ಕೋಲು ಮುಂದಕ್ಕೆ ಹೋಗಿರುತ್ತದೆ, ಅದಕ್ಕೇ ಡೊಂಕು ಕಾಣುತ್ತದೆ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ," ಎಂದು ನಕ್ಕ ಕೋಚ್, ಅತ್ತೆ ಮುಂದೊಡ್ಡಿದ ಬಾಗಿದ ಬ್ಯಾಟಿನ ಫೋಟೋ ನೋಡಿ ನಗು ನಿಲ್ಲಿಸಿದರು. "ಸರಿ, ಇನ್ನೊಂದ್ಸಲ ತೆಗೀರಿ. ನೇರ ಇದ್ರೆ ಭಾನುವಾರ ಆಡ್ಲಿ."

ಖಟಖಟ ಶಟರ್‌ಗೆ ಅಷ್ಟು ಓಟವೆಲ್ಲಿ? ಚೆಂಡು ಕೈಬಿಡುವ ಗಳಿಗೆ ಪ್ರತಿ ಸಲವೂ ಎರಡು ಫೋಟೋಗಳ ನಡುವೆ ಜಾರಿಹೋಗುತ್ತಿತ್ತು. ಒತ್ತಿ ಹಿಡಿಯುವುದನ್ನು ಬಿಟ್ಟು ಅತ್ತೆ ಉಸಿರು ಬಿಗಿಹಿಡಿದು ಕಾದಳು. ಚೆಂಡು ಹಾಕಿ ಹಾಕಿ ಬುಗುರಿಯ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಕೊನೆಗೊಮ್ಮೆ ಖಟ್! ಸಿಕ್ಕಿತು.

ಅತ್ತೆ ಪರದೆ ನೋಡಿದಳು. ಮೊದಲಿನಷ್ಟು ಡೊಂಕಿಲ್ಲ. ಆದರೆ ಇದೆ. ಕೋಚ್ ದೂರದಲ್ಲಿದ್ದರು, ಒಂದು ಗುಂಡಿ ಒತ್ತಿದರೆ ಅಳಿಸಿಹೋಗುತ್ತಿತ್ತು.

"ನೇರ ಇದ್ಯಾ ಅತ್ತೆ?" ಎನ್ನುತ್ತಾ ಬುಗುರಿ ಓಡಿಬಂದಳು.

"ಇಲ್ಲ ಕಂದ," ಎಂದು ಅತ್ತೆ ತೋರಿಸಿಯೇಬಿಟ್ಟಳು. ಹೇಳುವಾಗ ಅವಳ ಕಣ್ಣು ತುಂಬಿತು.

ಬುಗುರಿ ತುಂಬ ಹೊತ್ತು ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, ತಾನೇ ಕ್ಯಾಮೆರಾ ಹಿಡಿದು ಕೋಚ್ ಹತ್ತಿರ ಹೋದಳು. "ಸರ್, ಸ್ವಲ್ಪ ಬಾಗ್ತಿದೆ. ತಿದ್ಕೊಡಿ."

"ಭಾನುವಾರಕ್ಕಾಗಲ್ಲಮ್ಮ," ಎಂದರು ಅವರು ಮೆಲ್ಲಗೆ. "ಸೋಮವಾರದಿಂದ ಶುರು ಮಾಡೋಣ, ಬಾ."

ಮನೆ ಹತ್ತಿರ ಬಂದಾಗ ಬುಗುರಿ ಅತ್ತೆಯ ಕೈ ಹಿಡಿದಳು.

"ಸೋಮವಾರ ನೀನೂ ಬಾ ಅತ್ತೆ. ಕೈ ನೆಟ್ಟಗಾಯ್ತು ಅಂತ ಬೇರೆ ಯಾರು ಹೇಳಿದ್ರೂ ನಾನು ನಂಬಲ್ಲ."