ಮೂರನೆಯ ಪೊಟ್ಟಣ

ಮಲಗಿಸಿದರೆ ಕಣ್ಣು ಮುಚ್ಚುತ್ತದೆ, ಎತ್ತಿ ನಿಲ್ಲಿಸಿದರೆ ಟಪ್ಪೆಂದು ತೆರೆಯುತ್ತದೆ, ಒಂದು ರೆಪ್ಪೆ ಮಾತ್ರ ಅರ್ಧಕ್ಕೇ ಸಿಕ್ಕಿಕೊಂಡು ಅವಳನ್ನು ಓರೆಯಾಗಿ ನೋಡುತ್ತದೆ, ನಿನಗೇನು ಕೆಲಸ ಇಲ್ಲಿ ಎಂದು ಕೇಳುವ ಹಾಗೆ — ಬೇಡ, ಈ ಗೊಂಬೆ ಬೇಡ, ಹನ್ನೊಂದು ವರ್ಷದವಳಿಗೆ ಯಾರಾದರೂ ಗೊಂಬೆ ಕೊಡುತ್ತಾರೆಯೇ, ಆದರೆ ಅವಳ ಕಣ್ಣೊಳಗಿನ ಮೊಮ್ಮಗಳಿಗೆ ಇನ್ನೂ ಒಂಬತ್ತು, ಮಂಡಿಯ ಮೇಲೆ ಒಣಗಿದ ಗಾಯ, ಜಡೆಯ ತುದಿ ಬಾಯಲ್ಲಿ, ಥೂ ತೆಗಿಯೇ ಅದನ್ನ ಎಂದು ಗದರಿದರೆ ಕಿಸಕ್ಕೆಂದು ನಗುತ್ತಿದ್ದಳು. ಎಷ್ಟು ವರ್ಷದ ಮಗು ಅಮ್ಮಾ, ಅಂಗಡಿಯ ಹುಡುಗಿ ಕೇಳುತ್ತಿದ್ದಾಳೆ, ಎರಡನೆಯ ಸಲ ಕೇಳುತ್ತಿದ್ದಾಳೆ ಅಂತ ಕಾಣುತ್ತದೆ, ದನಿಯಲ್ಲಿ ಬೇಸರ ಇಣುಕಿದೆ. ಎಷ್ಟು ವರ್ಷದ ಮಗು — ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ನಿಂತು ಇದೇ ಮಾತನ್ನು ಜೀವಮಾನವಿಡೀ ಕೇಳಿದವಳು ಅವಳು, ಎಷ್ಟು ವರ್ಷ, ತೂಕ ಎಷ್ಟು, ಅರ್ಧ ಚಮಚ ಕೊಡಿ, ಊಟ ಆದ ಮೇಲೆ, ಬಾಟಲಿ ಅಲ್ಲಾಡಿಸಿ ಕೊಡಿ, ಮುಂದಿನವರು ಬನ್ನಿ — ಇಲ್ಲೂ ಡಬ್ಬಿಗಳ ಮೇಲೆ ಹಾಗೇ ಅಚ್ಚು ಹಾಕಿದ್ದಾರೆ, ಮೂರರ ಮೇಲ್ಪಟ್ಟವರಿಗೆ, ಎಂಟರ ಮೇಲ್ಪಟ್ಟವರಿಗೆ, ಆಟಕ್ಕೂ ಡೋಸು, ಆದರೆ ಎರಡು ವರ್ಷ ಮುಖ ನೋಡದ ಮಕ್ಕಳಿಗೆ ಏನು ಕೊಡಬೇಕು ಎಂದು ಯಾವ ಡಬ್ಬಿಯ ಮೇಲೂ ಇಲ್ಲ. ದೊಡ್ಡವಳಿಗೆ ಹನ್ನೊಂದು, ಗಂಡಿಗೆ ಐದು, ಎಂದಳು. ಎಂದು ನಿಲ್ಲಿಸಿದಳು. ಇಬ್ಬರೇನಾ ಅಮ್ಮಾ ಎಂದಳು ಹುಡುಗಿ. ಅದೇನು ಕೇಳಬಾರದ ಮಾತಲ್ಲ, ವ್ಯಾಪಾರದವಳು ಕೇಳುತ್ತಾಳೆ, ಆದರೂ ಅವಳು ತಿರುಗಿ ಗಾಜಿನ ಆಚೆ ನೋಡಿದಳು.

ಗಾಜಿನ ಆಚೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಗಂಡ, ಮಡಿಲಲ್ಲಿ ಬಟ್ಟೆಯ ಚೀಲ, ಹರಳೆಣ್ಣೆ ಕುಡಿದಂಥ ಮುಖ. ಚೀಲದಲ್ಲಿ ಒಂದು ಲಂಗ, ಒಂದು ಅಂಗಿ, ಎರಡನ್ನೂ ತಾನೇ ಹೊಲಿದದ್ದು, ಅಳತೆ ಯಾರನ್ನೂ ಕೇಳಲಿಲ್ಲ, ಗಾಳಿಯಲ್ಲಿ ಕೈ ಹಿಡಿದು ಇಷ್ಟು ಬೆಳೆದಿರ್ತಾಳೆ, ಇಷ್ಟು ಬೆಳೆದಿರ್ತಾನೆ ಎಂದು ತನಗೆ ತಾನೇ ಹೇಳಿಕೊಂಡು ಕತ್ತರಿಸಿದ ದರ್ಜಿ, ಬಸ್ಸಿನಲ್ಲಿ ಬರುವಾಗ ಒಂದೇ ಒಂದು ಮಾತು ಆಡಿದ್ದು — ನೋಡು, ಎರಡು ತಗೊಂಡ್ರೆ ನಾವು ನಮ್ಮ ಮಗನ ಮನೆಗೆ ಹೋದ ಹಾಗೆ, ಮೂರು ತಗೊಂಡ್ರೆ ಅವನ ಮನೆಗೆ ಹೋದ ಹಾಗೆ. ಅವನು ಅಂದರೆ ಸೊಸೆಯ ಈಗಿನ ಗಂಡ, ಕನ್ನಡಕದ ಅಂಗಡಿಯವನು, ಇಬ್ಬರೂ ಅವನ ಮುಖ ನೋಡಿಲ್ಲ. ಸೊಸೆ ಮುಚ್ಚಿಟ್ಟು ಮಾಡಿದವಳಲ್ಲ, ತಾನೇ ಬಂದು ಹೇಳಿದಳು, ಕುರ್ಚಿಯ ತುದಿಯಲ್ಲಿ ಕೂತು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ, ಅತ್ತೆ, ಒಬ್ಬಳ ಕೈಲಿ ಆಗ್ತಿಲ್ಲ, ಅವರು ಒಳ್ಳೆಯವರು, ಮಾವ, ನೀವು ಹೂಂ ಅಂತಾದ್ರೂ ಅನ್ನಿ — ಮಾವ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಹೊಲಿಗೆ ಯಂತ್ರ ತುಳಿಯುತ್ತಲೇ ಇದ್ದ, ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ, ಬರೀ ಟಕಟಕಟಕ, ಅವಳು ಎದ್ದು ಹೋಗುವ ತನಕ ತುಳಿದ, ಹೋದ ಮೇಲೆ ಇನ್ನು ಆ ಮನೆ ಕಡೆ ತಲೆ ಹಾಕಿಯೂ ಮಲಗಲ್ಲ ಅಂದ. ಹಾಗಂದವನು ಇವತ್ತು ಹೊರಟು ಬಂದದ್ದೇ ದೊಡ್ಡದು, ಮೊಮ್ಮಗಳು ಫೋನಿನಲ್ಲಿ ತಾತ ಎಂದಳು, ಅಷ್ಟಕ್ಕೇ ಬಂದ. ನಿನಗೇನು ತರಲಿ ಕಂದಾ ಎಂದು ಕೇಳಿದ್ದಕ್ಕೆ ಏನೂ ಬೇಡ ಅಜ್ಜಿ, ನೀವು ಬನ್ನಿ ಸಾಕು ಅಂದಿತ್ತು ಆ ಹುಡುಗಿ, ಎಲ್ಲಿ ಕಲಿತಳು ದೊಡ್ಡವರ ಈ ಮಾತನ್ನು, ಅದು ಬೇಕು ಇದು ಬೇಕು ಎಂದು ನೆಲಕ್ಕೆ ಬಿದ್ದು ಹೊರಳುತ್ತಿದ್ದವಳು. ಆಮೇಲೆ ಸೊಸೆ ಫೋನು ಇಸಿದುಕೊಂಡು, ಬನ್ನಿ ಅತ್ತೆ, ಕಾಯ್ತಾ ಇರ್ತಾರೆ, ಮೂವರೂ. ಮೂವರೂ ಎನ್ನುವ ಮುಂಚೆ ಒಂದು ಚೂರು ತಡೆದಳು, ಉಸಿರಿನಷ್ಟು. ಅಷ್ಟರಲ್ಲೇ ಹಿಂದಿನಿಂದ ಹುಡುಗನ ಕೂಗು, ಅಪ್ಪಾ ನೋಡು ಬಾ, ಅಪ್ಪಾ — ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು, ಪಕ್ಕದಲ್ಲಿದ್ದ ಗಂಡನಿಗೆ ಕೇಳಿಸದಿರಲಿ ಎಂದು, ಕಿವಿ ನೋಯುವಷ್ಟು.

ದೊಡ್ಡವಳಿಗೆ ಆಯಿತು, ಬೀಗ ಇರುವ ಪುಟ್ಟ ಮರದ ಪೆಟ್ಟಿಗೆ, ಆ ವಯಸ್ಸಿಗೆ ಬಚ್ಚಿಡಲು ಒಂದು ಜಾಗ ಬೇಕಾಗುತ್ತದೆ, ಇಡಲು ಏನೂ ಇಲ್ಲದಿದ್ದರೂ ಬೇಕಾಗುತ್ತದೆ, ಬೀಗದ ಕೈಯನ್ನು ತಿರುಗಿಸಿ ನೋಡಿದಳು, ಸಲೀಸಾಗಿದೆ. ಇನ್ನು ಹುಡುಗ, ಹುಡುಗನಿಗೆ ಏನು ಬೇಕೆಂದು ಅಕ್ಕ ಹೇಳಿಯೇಬಿಟ್ಟಿದ್ದಾಳೆ, ತಮ್ಮನಿಗೆ ಕ್ರೇನ್ ಬೇಕಂತೆ ಅಜ್ಜಿ, ಹಳದೀದು, ಮೇಲೆತ್ತೋದು. ಇದೆ, ಹಳದಿಯದೇ ಇದೆ, ಕಣ್ಣಿನ ಮಟ್ಟದಲ್ಲೇ ಇಟ್ಟಿದ್ದಾರೆ, ಒಳಗೆ ಬಂದಾಗಲೇ ಕಂಡಿತ್ತು, ಕಂಡೂ ಕಾಣದ ಹಾಗೆ ಗೊಂಬೆಗಳ ಕಡೆ ನಡೆದುಬಿಟ್ಟಿದ್ದಳು. ಈಗ ಹತ್ತಿರ ಹೋದಳು. ಉದ್ದನೆಯ ತೋಳು, ತುದಿಯಲ್ಲಿ ದಾರ, ದಾರಕ್ಕೆ ಕೊಕ್ಕೆ, ಮೇಲೊಂದು ಗೂಡು, ಗೂಡಿನೊಳಗೆ ಹೆಬ್ಬೆರಳಿನಷ್ಟು ಒಬ್ಬ ಮನುಷ್ಯ — ಮಗನೂ ಹಾಗೇ ಕಾಣುತ್ತಿದ್ದ ಕೆಳಗಿನಿಂದ, ಬಂದರಿನ ಗೇಟಿನ ಹತ್ತಿರ ನಿಂತು ಕತ್ತು ನೋಯುವ ಹಾಗೆ ನೋಡುತ್ತಿದ್ದಳು, ಅಮ್ಮಾ, ನೀನು ಊಟದ ಡಬ್ಬಿ ಕೊಡೋಕೆ ಬರೋದೋ ನನ್ನ ನೋಡೋಕೆ ಬರೋದೋ ಎಂದು ಛೇಡಿಸುತ್ತಿದ್ದ, ಆಮೇಲೆ ಆ ಮಧ್ಯಾಹ್ನದ ಗಾಳಿ, ಅವನ ಕ್ರೇನನ್ನೇ ಕೆಡವಿದ ಗಾಳಿ, ಆಸ್ಪತ್ರೆಯಲ್ಲಿ ಔಷಧಿ ಕಿಟಕಿಯೂ ಅಲುಗಾಡಿತ್ತು, ಎದ್ದು ಚಿಲಕ ಹಾಕಿ ಬಂದು ಕೂತಿದ್ದಳು, ಅಷ್ಟೇ, ಒಂದು ಚಿಲಕ ಹಾಕಿದಳು, ಮುಂದಿನವರು ಬನ್ನಿ ಎಂದಳು, ಆಗಲೇ ಮುಗಿದುಹೋಗಿತ್ತು. ಯಾರಾದರೂ ಆ ಹುಡುಗನಿಗೆ ಹೇಳಿದ್ದಾರೋ ಇಲ್ಲವೋ. ಹೇಳಿದ್ದರೆ ಯಾಕೆ ಕೇಳುತ್ತಾನೆ, ಹೇಳಿಲ್ಲದಿದ್ದರೆ ತಾನು ಯಾವ ಮುಖ ಹೊತ್ತು ಇದನ್ನು ಅವನ ಕೈಗಿಡುವುದು, ಬೇಡ, ರೈಲು ತಗೊಳ್ಳೋಣ, ರೈಲು ಚೆನ್ನಾಗಿದೆ, ಚೆಂಡು ತಗೊಳ್ಳೋಣ — ಮಗು ಬಾಯಿ ಬಿಟ್ಟು ಕೇಳಿದ್ದು ಒಂದೇ, ಅದನ್ನು ಬಿಟ್ಟು ಲೋಕದ್ದೆಲ್ಲ ಕೊಟ್ಟರೆ ಅವನು ಪೊಟ್ಟಣ ಬಿಚ್ಚಿ, ಸುಮ್ಮನಾಗಿ, ಥ್ಯಾಂಕ್ಸ್ ಅಜ್ಜಿ ಅಂತಾನೆ, ಹೇಳಿಕೊಟ್ಟ ಹಾಗೆ. ಆ ಸುಮ್ಮನಾಗುವ ಮುಖ ಕಣ್ಣಿಗೆ ಕಟ್ಟಿತು. ಇದನ್ನೇ ಕಟ್ಟಮ್ಮಾ, ಬೇಗ, ಎಂದಳು ಹುಡುಗಿಗೆ, ಕಾಗದ ದಪ್ಪದ್ದು ಸುತ್ತು, ಹೊರಗಿನಿಂದ ಏನೂ ಗೊತ್ತಾಗಬಾರದು.

ಬೆಂಚಿನ ಮೇಲೆ ಗಂಡ ಎದ್ದು ನಿಂತಿದ್ದಾನೆ, ಇತ್ತ ನೋಡುತ್ತಿದ್ದಾನೆ. ಅವಳ ಕೈಯಲ್ಲಿ ಮರದ ಬಾತುಕೋಳಿ. ಯಾವಾಗ ಎತ್ತಿಕೊಂಡಳೋ ಗೊತ್ತಿಲ್ಲ, ಕೈ ತಾನೇ ಎತ್ತಿಕೊಂಡಿದೆ, ಹೆಬ್ಬೆರಳು ತಾನೇ ಕಣ್ಣನ್ನು ಉಜ್ಜಿ ನೋಡುತ್ತಿದೆ, ಬಣ್ಣದಲ್ಲಿ ಬರೆದ ಕಣ್ಣು, ಕಿತ್ತು ಬರುವುದಿಲ್ಲ, ಚಕ್ರ ಜಗ್ಗಿದಳು, ಗಟ್ಟಿ, ದಾರ ಗಿಡ್ಡ, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟಿಲ್ಲ, ಅಂಚು ನುಣುಪು, ಬಾಯಿಗೆ ಹಾಕಿಕೊಂಡರೂ ಪರವಾಗಿಲ್ಲ, ಈ ವಯಸ್ಸಿನಲ್ಲಿ ಎಲ್ಲ ಬಾಯಿಗೇ — ಯಾವ ವಯಸ್ಸಿನಲ್ಲಿ, ಯಾರ ವಯಸ್ಸು ಲೆಕ್ಕ ಹಾಕುತ್ತಿದ್ದೀಯೇ ನೀನು, ಇಟ್ಟುಬಿಟ್ಟಳು. ಇಟ್ಟದ್ದು ಬಟ್ಟೆಯ ಮೊಲದ ಮೇಲೆ ವಾಲಿಕೊಂಡಿತು. ತನ್ನದಲ್ಲ, ತನ್ನ ಮಗನದಲ್ಲ, ಮೂಗು ಯಾರ ಹಾಗೋ, ಕಿವಿ ಯಾರ ಹಾಗೋ, ಕರುಳು ಯಾಕೆ ಎಳೆಯಬೇಕು, ಎಳೆಯುತ್ತಲೂ ಇಲ್ಲ, ನಿಜ ಹೇಳಬೇಕೆಂದರೆ ಸಿಟ್ಟೇ ಬರುತ್ತದೆ, ಆ ಕೂಸು ಹುಟ್ಟಿದ ಸುದ್ದಿ ಬಂದ ದಿನ ಇಡೀ ಮನೆ ಗುಡಿಸಿದ್ದಳು, ಗುಡಿಸಿದ್ದನ್ನೇ ಗುಡಿಸಿದ್ದಳು. ಆದರೆ ಇಬ್ಬರು ಪೊಟ್ಟಣ ಬಿಚ್ಚುತ್ತಾ ಕೂತಾಗ ಮೂರನೆಯದು ಬರಿಗೈಯಲ್ಲಿ ನೋಡುತ್ತಾ ನಿಲ್ಲುತ್ತದಲ್ಲ, ಅದಕ್ಕೇನು ಗೊತ್ತು, ಅದು ಯಾರ ಜಾಗವನ್ನೂ ಕಿತ್ತುಕೊಳ್ಳಲು ಬಂದದ್ದಲ್ಲ, ಅದಕ್ಕೆ ನಡೆಯಲೂ ಸರಿಯಾಗಿ ಬರುವುದಿಲ್ಲ. ಇದನ್ನೂ ಕಟ್ಟು, ಎಂದಳು, ದನಿ ತನ್ನದಲ್ಲವೇನೋ ಎನ್ನುವಷ್ಟು ಜೋರಾಗಿ.

ಬಾಗಿಲ ಹತ್ತಿರವೇ ಗಂಡ ಅಡ್ಡ ನಿಂತ. ಅವನ ಕಣ್ಣು ಅವಳ ಮುಖಕ್ಕೆ ಬರಲಿಲ್ಲ, ಪೊಟ್ಟಣಗಳಿಗೆ ಹೋಯಿತು. ಮೂರನೇದು ಯಾರಿಗೆ? ದೊಡ್ಡವಳಿಗೇ ಎರಡು, ಎನ್ನಬಹುದಿತ್ತು, ನಾಲಗೆಯ ತುದಿಗೆ ಬಂದಿತ್ತು, ನುಂಗಿದಳು. ನಿಮಗೆ ಗೊತ್ತಲ್ಲ ಯಾರಿಗೆ ಅಂತ. ಒಳಗೆ ಇಟ್ಟು ಬಾ. ಇಡಲ್ಲ. ಏನೇ, ಅವನು ಹೋಗಿ ಇನ್ನೂ ಮೂರು ವರ್ಷ ತುಂಬಿಲ್ಲ, ಅಷ್ಟರಲ್ಲಿ ನಿನಗೆ ಹೊಸ ಸಂಬಂಧ ಬೇಕಾಯ್ತಾ — ದಾರಿಹೋಕರೊಬ್ಬರು ತಿರುಗಿ ನೋಡಿದರು. ಅವಳ ಮೈಯೆಲ್ಲ ಬೆಂಕಿ, ಬಾಯಿಂದ ಮಾತ್ರ ತಣ್ಣಗಿನ ಮಾತು ಬಂತು, ರೀ, ಅವನನ್ನ ಹೆತ್ತವಳು ನಾನು, ಅವನು ಹೋಗಿದ್ದನ್ನ ನನಗೆ ನೆನಪು ಮಾಡಿಕೊಡೋಕೆ ಬರಬೇಡಿ. ನಾನು ಬರಲ್ಲ ಹೋಗು, ಎಂದ. ಬೇಡ, ಎಂದಳು, ಚೀಲ ಕೊಡಿ, ಎಂದಳು. ಚೀಲ ಕೊಡಲಿಲ್ಲ. ಅವಳು ನಡೆದಳು, ರಸ್ತೆ ದಾಟಿ, ಔಷಧಿ ಅಂಗಡಿ ದಾಟಿ, ಸೈಕಲ್ ರಿಪೇರಿಯವನನ್ನು ದಾಟಿ, ತಿರುಗಿ ನೋಡಬಾರದು, ಒಂದು ಮನೆಯಲ್ಲಿ ಇಷ್ಟು ವರ್ಷ ಬಾಳಿ ಒಂದು ಬೀದಿಯಲ್ಲಿ ಹೀಗೆ ಬೇರೆಯಾಗಿ ನಡೆಯುವುದೇ, ಬರಲಿ ಬಿಡಲಿ, ಬರಲಿ — ಹಿಂದೆ ಚಪ್ಪಲಿಯ ಸಪ್ಪಳ, ಎಡಗಾಲನ್ನು ಸ್ವಲ್ಪ ಎಳೆಯುವ ಸಪ್ಪಳ, ಹತ್ತಿರ ಬರುವುದಿಲ್ಲ, ದೂರವೂ ಉಳಿಯುವುದಿಲ್ಲ.

ಕೆಳಗೆ ಕನ್ನಡಕದ ಅಂಗಡಿ, ಮೇಲೆ ಮನೆ, ಮೆಟ್ಟಿಲ ಬುಡದಲ್ಲೇ ನಿಂತಿದ್ದಾನೆ ಅವನು, ತೆಳ್ಳಗಿನ ಆಳು, ಕೈ ಎಲ್ಲಿಡಬೇಕೆಂದು ತಿಳಿಯದವನ ಹಾಗೆ ಜೇಬಿಗೆ ಹಾಕಿ ತೆಗೆದು, ಬನ್ನಿ ಅಮ್ಮಾ, ಬನ್ನಿ ಎಂದ, ಆಮೇಲೆ ಗಂಡನ ಕಡೆ ನೋಡಿ, ಮಾವ ಎನ್ನಲೇ ಅಪ್ಪ ಎನ್ನಲೇ ತೋಚದೆ, ಬನ್ನಿ ಸಾರ್. ಗಂಡ ಮೆಟ್ಟಿಲು ಹತ್ತಿದ. ಸೊಸೆಗೆ ಕನ್ನಡಕ ಬಂದಿದೆ, ಕೆನ್ನೆ ಇಳಿದಿದೆ, ಅತ್ತೆ ಎಂದವಳು ಮುಂದೆ ಮಾತು ಸಿಗದೆ ನೀರು ತರಲು ಓಡಿದಳು, ಮೊಮ್ಮಗಳು ಅಜ್ಜಿಯ ಭುಜಕ್ಕೆ ಬಂದಿದ್ದಾಳೆ, ದೇವರೇ, ಭುಜಕ್ಕೆ, ಆ ಲಂಗ ಮೊಣಕಾಲಿಗೂ ಸಾಲದು — ಗೋಡೆಯ ಮೇಲೆ ಮಗನ ಫೋಟೋ, ಗಾಜು ಒರೆಸಿದ್ದಾರೆ, ಗಂಡ ಅದನ್ನೇ ನೋಡುತ್ತಾ ಕುರ್ಚಿಯಲ್ಲಿ ಕುಸಿದ. ಪೆಟ್ಟಿಗೆ ಕೊಟ್ಟಳು, ಮೊಮ್ಮಗಳು ಬೀಗದ ಕೈಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. ಹುಡುಗ ಕಾಗದ ಹರಿಯುತ್ತಿದ್ದಾನೆ, ಪರಪರ, ಅವಳಿಗೆ ಕಣ್ಣು ಮುಚ್ಚಿಕೊಳ್ಳಬೇಕೆನಿಸಿತು, ಹಳದಿ ತೋಳು ಹೊರಬಂತು, ಗಂಡನ ತಲೆ ಚಾವಟಿ ಬೀಸಿದ ಹಾಗೆ ಇತ್ತ ತಿರುಗಿತು. ಕ್ರೇನ್, ಕ್ರೇನ್, ಎಂದು ಹುಡುಗ ಕುಣಿದ, ಫೋಟೋದ ಕಡೆ ಬೆರಳು ತೋರಿಸಿ ತಾತನಿಗೇ ಹೇಳಿದ, ಆ ಅಪ್ಪ ಇದನ್ನ ಓಡಿಸ್ತಿದ್ರು, ಈ ಅಪ್ಪಂಗೆ ಓಡಿಸೋಕೆ ಬರಲ್ಲ, ತಾತ, ನಿಂಗೆ ಬರುತ್ತಾ? ಬಾಗಿಲಲ್ಲಿ ನಿಂತ ಕನ್ನಡಕದವನು ನೆಲ ನೋಡಿದ. ಅಡಿಗೆಮನೆಯಲ್ಲಿ ಲೋಟ ತಟ್ಟೆಗೆ ತಾಗಿ ಸದ್ದು ನಿಂತಿತು. ಗಂಡ ಕುರ್ಚಿಯ ಅಂಚಿಗೆ ಸರಿದ, ಈಗ ಎದ್ದು ಹೊರಟುಬಿಡುತ್ತಾನೆ, ಎದ್ದೇಬಿಡುತ್ತಾನೆ — ಒಂದು ಕೈ ಕುರ್ಚಿಯ ತೋಳಿನಿಂದ ಜಾರಿ ಜೋತು ಬಿದ್ದಿದೆ. ಅಷ್ಟರಲ್ಲಿ ಗೋಡೆ ಹಿಡಿದು ಬಂತು ಅದು, ಜೊಲ್ಲು ಸುರಿಸುತ್ತಾ, ಗೋಡೆ ಮುಗಿಯಿತು, ಮುಂದೆ ಹಿಡಿಯಲು ಏನೂ ಇಲ್ಲ, ಅವಳು ಬಾತುಕೋಳಿ ಚಾಚಿದಳು, ಅದು ಇತ್ತ ನೋಡಲೂ ಇಲ್ಲ, ತೂರಾಡಿತು, ಬೀಳಬೇಕು, ಬೀಳಲಿಲ್ಲ, ಎದುರಿಗೆ ಸಿಕ್ಕ ಆ ಜೋತ ಕೈಯ ತೋರುಬೆರಳನ್ನು ಮುಷ್ಟಿ ತುಂಬ ಹಿಡಿದುಕೊಂಡು ನಿಂತಿತು. ಗಂಡ ಕೆಳಗೆ ನೋಡಲಿಲ್ಲ. ಕೈ ಹಿಂದೆಗೆಯಲಿಲ್ಲ, ಹಿಡಿಯಲೂ ಇಲ್ಲ. ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿದ ಬೆರಳು, ಸುತ್ತ ಐದು ಪುಟ್ಟ ಉಗುರು, ಅವಳ ಕಣ್ಣಿಗೆ ಮನೆಯಿಲ್ಲ, ಫೋಟೋ ಇಲ್ಲ, ಯಾರೂ ಇಲ್ಲ, ಆ ಬೆರಳು, ಎಳೆದುಕೊಂಡರೆ ಕೂಸು ಬೀಳುತ್ತದೆ, ಎಳೆದುಕೊಳ್ಳಬೇಡಿ, ಉಸಿರು ಬಿಗಿಹಿಡಿದಳು, ಆ ಬೆರಳು, ನೆಟ್ಟಗೆ ನಿಂತ ಆ ಬೆರಳು, ತುದಿ ಒಂದಿಷ್ಟು ನಡುಗಿ, ಬಾಗಿತು, ಬಾಗಿ, ಆ ಪುಟ್ಟ ಮುಷ್ಟಿಯ ಹಿಂದೆ ಕೊಕ್ಕೆಯಾಗಿ ಕೂತಿತು, ಆ ಬೆರಳು, ಆ ಬೆರಳು