ಎರಡು ಗಂಟೆ ನಾಲ್ಕು ನಿಮಿಷದ ಪ್ರಿಂಟು

೨೦೨೪ರ ಜೂನ್ ೧೪, ಶುಕ್ರವಾರ, ಬೆಳಿಗ್ಗೆ ೧೦ ಗಂಟೆ ೪೦ ನಿಮಿಷ. ಹೊಸೂರಿನ ನಮ್ಮ ಕಾರ್ಖಾನೆಯ ಹಳೆಯ ಪ್ರಿಂಟ್ ಸರ್ವರನ್ನು ಕಳಚುವ ಮೊದಲು ಅದರ ಪರದೆ ನೋಡಿದೆ. ಅಲ್ಲಿ ೧೦.೨೧ ಎಂದಿತ್ತು.

ಯಾರು, ಯಾವ ಫೈಲನ್ನು, ಎಷ್ಟು ಪುಟ, ಎಷ್ಟು ಹೊತ್ತಿಗೆ ಪ್ರಿಂಟ್ ಹಾಕಿದರೆಂದು ಬರೆದಿಡುವ ಯಂತ್ರ ಅದು. ಆ ಪಟ್ಟಿಯನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಫೆಬ್ರವರಿಯಲ್ಲಿ ಅದನ್ನೇ ನಂಬಿ ಕುಮಾರೇಶನನ್ನು ಕೆಲಸದಿಂದ ತೆಗೆಸಿದ್ದೆ. ನನ್ನನ್ನು ಅವನಿಗೇ ಕೊಡುವುದೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದರು.

ಗಿರಾಕಿಯೊಬ್ಬರ ಗುಟ್ಟಿನ ಡ್ರಾಯಿಂಗ್‌ಗಳು ಹೊರಗಿನವರ ಕೈಗೆ ಸಿಕ್ಕಿದ್ದವು. ಪಟ್ಟಿಯಲ್ಲಿ ಕಂಡದ್ದು ಇಷ್ಟು: ಫೆಬ್ರವರಿ ೯, ಮಧ್ಯಾಹ್ನ ೨.೦೪, ಕುಮಾರೇಶ್, ಅದೇ ಡ್ರಾಯಿಂಗ್‌ಗಳು, ೩೮ ಪುಟ. ಗೇಟಿನಲ್ಲಿ ಅವನು ಬೆರಳಿಟ್ಟು ಹೊರಟದ್ದು ೨.೧೦ಕ್ಕೆ. ಅವನ ಊರು ಅಂಚೆಟ್ಟಿಯ ಬಸ್ಸು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲವೆಂದು, ಪಾಳಿ ಮುಗಿಯುವ ಇಪ್ಪತ್ತು ನಿಮಿಷ ಮೊದಲೇ ಅವನನ್ನು ಬಿಡುತ್ತಿದ್ದರು. ಹೋಗುವವರು ಕಂಪ್ಯೂಟರಿನಲ್ಲಿ ಲಾಗೌಟ್ ಮಾಡುತ್ತಿರಲಿಲ್ಲ. ಮಾಡಿದರೆ ಮತ್ತೆ ಲಾಗಿನ್ ಆಗಲು ಹತ್ತು ನಿಮಿಷ ಬೇಕು. ಮುಂದಿನ ಪಾಳಿಯವರಿಗೆ ಹಾಗೇ ಬಿಟ್ಟುಕೊಡುವುದು ಅಲ್ಲಿನ ಮರ್ಯಾದೆ.

ತಪಾಸಣೆಯ ದಿನ ಕ್ಯಾಂಟೀನಿನಲ್ಲಿ ಕುಮಾರೇಶ ಹೇಳಿದ್ದ, "ನಾನು ಹೋದ್ಮೇಲೆ ಯಾರೋ ನನ್ನ ಹೆಸ್ರಲ್ಲೇ ಹಾಕವ್ರೆ ಕಣೇ."

"ಎರಡು ನಾಲ್ಕಕ್ಕೆ ನೀನು ಒಳಗೇ ಇದ್ಯಲ್ಲ?"

"ಇದ್ದೆ. ಪ್ರಿಂಟ್ ಹಾಕ್ಲಿಲ್ಲ."

"ಹಂಗಾರೆ ಸರ್ವರ್ ಸುಳ್ಳು ಹೇಳ್ತದಾ?"

ಅವನು ನಗಲು ನೋಡಿದ. "ಅಷ್ಟು ನಂಬ್ಕೆ ಇದ್ರೆ ಮದ್ವೇನೂ ಅದ್ನೇ ಆಗ್ಬುಡು."

ನಾನು ನಗಲಿಲ್ಲ. ವರದಿಗೆ ಸಹಿ ಹಾಕಿದೆ.

ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ಭೌತಶಾಸ್ತ್ರ. ಏನನ್ನೇ ಅಳೆಯುವ ಮೊದಲು ಸಾಧನದಲ್ಲೇ ತಪ್ಪಿದೆಯೇ ನೋಡು ಎಂಬುದು ಪ್ರಯೋಗಶಾಲೆಯ ಮೊದಲ ದಿನದ ಪಾಠ. ಆ ಅಭ್ಯಾಸದಿಂದಲೇ, ಪ್ರಿಂಟರ್ ಪರೀಕ್ಷಿಸುವಾಗಲೆಲ್ಲ ಬಂದ ಹಾಳೆಯ ಮೂಲೆಯಲ್ಲಿ ಕೈಗಡಿಯಾರದ ಹೊತ್ತು ಬರೆದು ಫೈಲಿಗೆ ಸೇರಿಸುತ್ತೇನೆ. ಬರೆಯುತ್ತೇನೆ, ಅಷ್ಟೇ. ಹೋಲಿಸಿ ನೋಡಿರಲಿಲ್ಲ.

ಈಗ ಫೈಲು ತೆಗೆದೆ. ಫೆಬ್ರವರಿ ೯ರ ಹಾಳೆ ಅದರಲ್ಲಿತ್ತು. ಸರ್ವರ್ ಅಚ್ಚು ಹಾಕಿದ ಹೊತ್ತು ೨.೨೩. ಮೂಲೆಯಲ್ಲಿ ನನ್ನ ಅಕ್ಷರದಲ್ಲಿ ೨.೪೦. ಅಂದಿನಿಂದ ಇಂದಿಗೆ ಸರ್ವರ್ ಇನ್ನೂ ಎರಡು ನಿಮಿಷ ಹಿಂದೆ ಬಿದ್ದಿತ್ತು. ಎಂದರೆ ೨.೦೪ರ ಆ ಪ್ರಿಂಟು ನಿಜವಾಗಿ ಬಂದದ್ದು ೨.೨೧ಕ್ಕೆ. ಗೇಟಿನ ಗಡಿಯಾರ ಬೇರೆ, ಅದು ಸರಿಯಾಗಿತ್ತು; ಆಗ ಕುಮಾರೇಶ ಗೇಟು ದಾಟಿ ಹನ್ನೊಂದು ನಿಮಿಷವಾಗಿತ್ತು.

ಫೋನ್ ಮಾಡಿದೆ.

"ಯಾರು?" ಅಂದ. ನನ್ನ ನಂಬರು ಅವನಲ್ಲಿ ಉಳಿದಿರಲಿಲ್ಲ.

"ಶಶಿಕಲಾ."

"ಓ. ಹೇಳು."

ಎಲ್ಲ ಹೇಳಿದೆ.

"ಮ್ಯಾನೇಜರ್ ರಘುನಾಥ್ ಸಾರ್‌ಗೆ ಇವತ್ತೇ ಬರೀತೀನಿ," ಅಂದೆ. "ಕೆಲ್ಸ ವಾಪಸ್ ಕೊಡ್ತಾರೆ. ಕುಮಾರೇಶ, ನಾವು..."

"ಕೃಷ್ಣಗಿರೀಲಿ ಮಾವಿನ ಮಂಡೀಲಿ ಇವ್ನಿ ಈಗ. ಹೋದ ಭಾನ್ವಾರ ವೀಳ್ಯಶಾಸ್ತ್ರ ಆಯ್ತು. ಹುಡುಗಿ ನಾಗಲಕ್ಷ್ಮಿ ಅಂತ."

ನಾನು ಫೈಲು ಮುಚ್ಚಿದೆ.

"ಕೆಲ್ಸ ಹೋಗಿದ್ದಕ್ಕಲ್ಲ ಶಶಿ," ಅಂದ. "ಅವತ್ತು ಕ್ಯಾಂಟೀನ್‌ನಾಗೆ ನೀನು ಒಂದ್ ಸಲಾನೂ ನನ್ನ ಮುಖ ನೋಡ್ಲಿಲ್ಲ. ಆ ಪಟ್ಟೀನೇ ನೋಡ್ತಾ ಕೂತಿದ್ದೆ."

ಹಿಂದಿನಿಂದ ಯಾರೋ "ವಂಡಿ ವಂದಾಚ್ಚು!" ಎಂದು ತಮಿಳಿನಲ್ಲಿ ಕೂಗಿದರು.

"ಲಾರಿ ಬಂತು. ಆ ಕಾಗ್ದ ಮಾತ್ರ ಬರಿ. ನಮ್ಮಮ್ಮಂಗೆ ಒಂದು ಕಾಪಿ ಕಳ್ಸು. ಊರಾಗೆ ನನ್ನ ಕಳ್ಳ ಅಂತವ್ರೆ."

ಫೋನಿಟ್ಟ.

ಸರ್ವರ್ ಆರಿಸದೆ ಬರೆಯಲು ಕೂತೆ. ಎರಡು ಸಲ ಬರೆದದ್ದನ್ನು ಅಳಿಸಿದೆ. ಕ್ಷಮೆ ಎಂಬ ಮಾತಿಗೆ ಅಂಥ ವರದಿಯಲ್ಲಿ ಜಾಗವಿರಲಿಲ್ಲ. ಕುಮಾರೇಶ್ ನಿರಪರಾಧಿ ಎಂದು ಮೊದಲ ಸಾಲಿನಲ್ಲಿ ಬರೆದೆ. ತಪ್ಪು ತಪಾಸಣೆ ಮಾಡಿದವಳದು ಎಂದು ಎರಡನೆಯದರಲ್ಲಿ. ಮೂರನೆಯದರಲ್ಲಿ ಅಳತೆ: ಫೆಬ್ರವರಿ ೯ರಂದು ಸರ್ವರಿನ ಗಡಿಯಾರ ಹದಿನೇಳು ನಿಮಿಷ ಹಿಂದಿತ್ತು.